ಮಾರಿದ ಟಗ್ಗನ್ನ ಸಿಂಗಾಪುರದಿಂದ ಮೊಂಬಾಸಾಗೆ ಮುಟ್ಟಿಸೋದು: ಡೆಲಿವರಿಗೆ ಹೋಗೋ ನಮ್ಮ ಕಡೆ ಹುಡುಗ್ರಿಗೆ

ಹೋದ ಸಲ ರಜೆಗೆ ಬಂದಾಗ ಬಂಗಾರಪೇಟೆಲಿ ಪಾನಿಪುರಿ ತಿಂತಾ ನಿಂತಿದ್ದೆ, ನಮ್ಮೂರ ಪಾನಿ ಗೊತ್ತಲ್ಲ, ಬಣ್ಣಾನೇ ಇರಲ್ಲ, ನೋಡಿದ್ರೆ ಬರೀ ನೀರು, ಬಾಯಿಗಿಟ್ಟ ಮೇಲೆ ಕಣ್ಣಲ್ಲಿ ನೀರು. ಪಕ್ಕದಲ್ಲಿ ಮಾಲೂರು ಕಡೆ ಹುಡುಗ ಒಬ್ಬ, ಡೆಕ್ ಸೈಡು, ಎರಡು ಕಾಂಟ್ರ್ಯಾಕ್ಟ್ ಮುಗಿಸಿದಾನೆ. ಯಾರೋ ಏಜೆಂಟು ಫೋನ್ ಮಾಡಿ ಟಗ್ (ಬಂದರಲ್ಲಿ ದೊಡ್ಡ ಹಡಗುಗಳನ್ನ ಎಳೆಯೋ ತಳ್ಳೋ ಸಣ್ಣ ಹಡಗು) ಡೆಲಿವರಿ ಇದೆ, ಒಂದೂವರೆ ತಿಂಗಳ ಕೆಲಸ, ಬರ್ತೀಯಾ ಅಂತ ಕೇಳಿದಾರಂತೆ. "ಅಣ್ಣಾ, ಇದ್ರಲ್ಲೇನಿದೆ, ಹಡಗು ಅವ್ರದ್ದು, ಡೀಸೆಲ್ ಅವ್ರದ್ದು, ಇಲ್ಲಿಂದ ತಗೊಂಡೋಗಿ ಅಲ್ಲಿ ಬಿಟ್ಟು ಬರೋದು ತಾನೆ" ಅಂದ.

"ಲೋ, ನಿಮ್ಮಪ್ಪ ಟೊಮೊಟೊ ಲೋಡು ಕೋಲ್ಕತ್ತಾಗೆ ಕಳಿಸ್ತಾರಲ್ಲ, ಅದೇ ಲಾರಿ ಯಾರದ್ದೋ ಹಳೇದು, ಟೈರು ಯಾವಾಗ ಹಾಕಿದ್ದೋ ಗೊತ್ತಿಲ್ಲ, ಹನ್ನೆರಡು ದಿನ ದಾರೀಲಿ ಒಂದು ಡಾಬಾ ಇಲ್ಲ ಒಂದು ಪಂಕ್ಚರ್ ಅಂಗಡಿ ಇಲ್ಲ, ಹತ್ತುತೀಯಾ" ಅಂದೆ. ಸುಮ್ಮನಾದ. ಆಮೇಲೆ ಎರಡು ಪ್ಲೇಟ್ ಮುಗಿಯೋವರೆಗೂ ಹೇಳ್ತಾನೇ ಇದ್ದೆ, ಅದನ್ನೇ ಇಲ್ಲಿ ಬರೀತಿದೀನಿ.

ಮೊದಲು ಒಂದು ವಿಷ್ಯ. ಮಾರಾಟ ಆದ ಸಣ್ಣ ಹಡಗನ್ನ ಹೊಸ ಓನರ್‌ಗೆ ಮುಟ್ಟಿಸೋಕೆ ಮೂರು ದಾರಿ. ದೊಡ್ಡ ಹೆವಿ ಲಿಫ್ಟ್ ಹಡಗಿನ ಮೇಲೆ ಹೊತ್ಕೊಂಡು ಹೋಗೋದು, ಇನ್ನೊಂದು ಟಗ್ ಕಟ್ಟಿ ಎಳ್ಕೊಂಡು ಹೋಗೋದು, ಇಲ್ಲ ಅದರ ಸ್ವಂತ ಇಂಜಿನ್ ಮೇಲೇ ಓಡಿಸ್ಕೊಂಡು ಹೋಗೋದು. ದುಡ್ಡು ಕಮ್ಮಿ ಆಗತ್ತೆ ಅಂತ ಜಾಸ್ತಿ ಜನ ಮೂರನೇದಕ್ಕೇ ಬೀಳ್ತಾರೆ, ನಮಗೆ ಫೋನ್ ಬರೋದೂ ಅದಕ್ಕೇ. ನಾನಿಲ್ಲಿ ತಗೊಳ್ಳೋ ಉದಾಹರಣೆ 30 ಮೀಟರ್‌ನ ಹಾರ್ಬರ್ ಟಗ್ಗು, ಸಿಂಗಾಪುರದಿಂದ ಕೀನ್ಯಾದ ಮೊಂಬಾಸಾಗೆ, ದಾರೀಲಿ ಶ್ರೀಲಂಕಾದಲ್ಲಿ ಒಂದು ಸ್ಟಾಪು. ಸಿಂಗಾಪುರ ಟು ಶ್ರೀಲಂಕಾ ಸುಮಾರು 1600 ನಾಟಿಕಲ್ ಮೈಲಿ, ಅಲ್ಲಿಂದ ಮೊಂಬಾಸಾ ಸುಮಾರು 2500. ಟಗ್ಗಿನ ಸ್ಪೀಡು 9 ನಾಟ್, ಅಂದ್ರೆ ಗಂಟೆಗೆ 9 ನಾಟಿಕಲ್ ಮೈಲಿ, ಹದಿನೇಳು ಕಿಲೋಮೀಟರ್ ಹತ್ರ, ನಮ್ಮೂರಲ್ಲಿ ಇಟ್ಟಿಗೆ ಲೋಡ್ ಹಾಕ್ಕೊಂಡು ಹೋಗೋ ಟ್ರ್ಯಾಕ್ಟರ್ ಸ್ಪೀಡು ಅಷ್ಟೇ.

ಈಗ ಪೇಪರ್. ಬೋರ್ ಹೊಡಿಯೋ ವಿಷ್ಯ, ಆದ್ರೆ ಇಲ್ಲಿ ಎಡವಿದೋರೇ ಜಾಸ್ತಿ. ಹತ್ತೋಕ್ ಮುಂಚೆ ಒಂದೇ ಪ್ರಶ್ನೆ ಕೇಳಿ: ದಾರೀಲಿ ಇರೋವಾಗ ಈ ಹಡಗು ಯಾರದ್ದು? ಸಿಂಗಾಪುರದಲ್ಲೇ ಇದ್ದ ಸ್ಥಿತೀಲಿ ಕೈ ಬದಲಾಗಿದ್ರೆ ಅದು ಕೊಂಡೋರ ಹಡಗು, ಕೊಂಡೋರ ಬಾವುಟ, ಕೊಂಡೋರ ಇನ್ಶೂರೆನ್ಸು. ಮೊಂಬಾಸಾದಲ್ಲಿ ಕೊಡ್ತೀವಿ ಅಂತ ಒಪ್ಪಂದ ಆಗಿದ್ರೆ ಅಲ್ಲೀವರ್ಗೂ ಮಾರಿದೋರದ್ದೇ ರಿಸ್ಕು. ಈ ಸೆಕೆಂಡ್ ಹ್ಯಾಂಡ್ ವ್ಯಾಪಾರದಲ್ಲಿ ಸಾಮಾನ್ಯವಾಗಿ 10 ಪರ್ಸೆಂಟ್ ಡೆಪಾಸಿಟ್ ಇಟ್ಟಿರ್ತಾರೆ, ಉಳಿದದ್ದು ಡೆಲಿವರಿ ದಿನ. ಹಂಗಾಗಿ ಡೇಟ್ ಹತ್ರ ಬಂದಂಗೆ ಎರಡೂ ಕಡೆಯೋರು ಕ್ಯಾಪ್ಟನ್ ತಲೆ ಮೇಲೆ ಕೂತ್ಕೊಂತಾರೆ. ಆರ್ಡರ್ ಯಾರಿಂದ ತಗೋಬೇಕು ಅನ್ನೋದು ಒಂದು ಈಮೇಲ್‌ನಲ್ಲಾದ್ರೂ ಬರಹದಲ್ಲಿ ಇರ್ಲಿ, ಬರೀ ಫೋನಲ್ಲಿ ಹೇಳಿದ್ದಕ್ಕೆ ಬೆಲೆ ಇಲ್ಲ.

ಬಾವುಟ ಬದಲಾಗಿದ್ರೆ ಹಳೇ ರಿಜಿಸ್ಟ್ರಿಯಿಂದ ಹೆಸರು ತೆಗೆದ ಸರ್ಟಿಫಿಕೇಟು, ಹೊಸದರ ಪ್ರಾವಿಷನಲ್ ರಿಜಿಸ್ಟ್ರೇಷನ್, ರೇಡಿಯೋ ಲೈಸೆನ್ಸು, ಎಷ್ಟು ಜನ ಇರ್ಲೇಬೇಕು ಅನ್ನೋ ಸೇಫ್ ಮ್ಯಾನಿಂಗ್ ಡಾಕ್ಯುಮೆಂಟು, ಇವೆಲ್ಲ ಕಣ್ಣಾರೆ ನೋಡಿ. ಎಲ್ರೂ ಮರೆಯೋದು ಇಪಿಐಆರ್‌ಬಿ. ಹಡಗು ಮುಳುಗಿದ್ರೆ ತಾನೇ ತೇಲಿ ಸ್ಯಾಟಲೈಟ್‌ಗೆ ಸಿಗ್ನಲ್ ಕಳಿಸೋ ಆ ಡಬ್ಬದೊಳಗೆ ದೇಶದ ಕೋಡ್ ಇರತ್ತೆ, ಬಾವುಟ ಬದ್ಲಾಯಿಸಿ ಕೋಡ್ ಬದ್ಲಾಯಿಸ್ಲಿಲ್ಲ ಅಂದ್ರೆ ನೀವು ನೀರಲ್ಲಿ ಒದ್ದಾಡ್ತಿರ್ತೀರಿ, ಅಲ್ಲೆಲ್ಲೋ ಹಳೇ ಓನರ್‌ಗೆ ಫೋನ್ ಹೋಗ್ತಿರತ್ತೆ. ಜೊತೆಗೆ ಕ್ಲಾಸ್‌ನೋರ, ಅಂದ್ರೆ ಹಡಗು ಪರೀಕ್ಷೆ ಮಾಡಿ ಸರ್ಟಿಫಿಕೇಟ್ ಕೊಡೋ ಸಂಸ್ಥೆಯೋರ ಪರ್ಮಿಷನ್. ಹಾರ್ಬರ್ ಟಗ್ಗು ಸಮುದ್ರ ದಾಟೋಕೆ ಅಂತ ಮಾಡಿದ್ದಲ್ಲ, ಅದಕ್ಕೆ ಈ ಒಂದು ಟ್ರಿಪ್‌ಗೆ ಮಾತ್ರ ಅಂತ ಷರತ್ತು ಹಾಕಿ ಬರ್ಕೊಡ್ತಾರೆ, ಇಷ್ಟಕ್ಕಿಂತ ಜಾಸ್ತಿ ಗಾಳಿ ಅಲೆ ಇದ್ರೆ ಹೊರಡಬಾರ್ದು, ಇಂಥ ಕಿಟಕಿ ಮುಚ್ಚಿರಬೇಕು ಅಂತೆಲ್ಲ. ಅದನ್ನ ಓದದೇ ಫೈಲಲ್ಲಿ ಹಾಕಿದ್ರೆ ಏನಾದ್ರೂ ಆದಾಗ ಇನ್ಶೂರೆನ್ಸ್ ಕಂಪನಿಯೋರು ಓದ್ತಾರೆ.

ನಿಮ್ಮ ಸ್ವಂತ ಪೇಪರ್ ಬಗ್ಗೆ: ಏಜೆಂಟಿಗೆ ಆರ್‌ಪಿಎಸ್‌ಎಲ್, ಅಂದ್ರೆ ಹಡಗಿನ ಕೆಲಸಕ್ಕೆ ಜನ ಸೇರ್ಸೋ ಲೈಸೆನ್ಸ್ ಇದ್ಯಾ ಅಂತ ಸರ್ಕಾರದ ಡಿಜಿ ಶಿಪ್ಪಿಂಗ್ ವೆಬ್‌ಸೈಟಲ್ಲಿ ನೋಡಿ, ಸೇರ್ಸೋಕೆ ದುಡ್ಡು ಕೇಳಿದ್ರೆ ಅಲ್ಲಿಗೇ ಫೋನ್ ಇಟ್ಬಿಡಿ. ಅಗ್ರಿಮೆಂಟಲ್ಲಿ ವಾಪಸ್ ಟಿಕೆಟ್ ಓನರ್ ಖರ್ಚು ಅಂತ ಇರ್ಬೇಕು, ತಡ ಆದ್ರೆ ದಿನಕ್ಕಿಷ್ಟು ಅಂತಾನೂ ಇರ್ಬೇಕು, ಯಾಕೆ ಅಂತ ಕೊನೇಲಿ ಹೇಳ್ತೀನಿ. ಇಷ್ಟು ಸಣ್ಣ ಹಡಗಿನ ಸೀ ಟೈಮು ನಿಮ್ಮ ಮುಂದಿನ ಎಕ್ಸಾಮ್‌ಗೆ ಲೆಕ್ಕಕ್ಕೆ ಬರತ್ತಾ ಅಂತಾನೂ ಮೊದ್ಲೇ ವಿಚಾರಿಸ್ಕೊಳ್ಳಿ. ಕೀನ್ಯಾಗೆ ಹೋಗೋದಾದ್ರೆ ಯೆಲ್ಲೋ ಫೀವರ್ ಇಂಜೆಕ್ಷನ್, ಸರ್ಕಾರ ಒಪ್ಪಿರೋ ಸೆಂಟರ್‌ಗಳಲ್ಲಿ ಮಾತ್ರ ಕೊಡೋದು, ಹಾಕಿಸ್ಕೊಂಡು 10 ದಿನ ಆದ್ಮೇಲೇ ಕಾರ್ಡ್ ಊರ್ಜಿತ. ನಾಳೆ ಫ್ಲೈಟ್ ಅಂತ ಇವತ್ತು ಓಡಿದ್ರೆ ಏನೂ ಪ್ರಯೋಜನ ಇಲ್ಲ.

ಯಾವಾಗ ಹೊರಡಬೇಕು ಅನ್ನೋದು ಅರ್ಧ ಯುದ್ಧ. ಪಶ್ಚಿಮಕ್ಕೆ ಹೋಗೋದಾದ್ರೆ ಜನವರಿ ಫೆಬ್ರವರಿ. ಆಗ ಈಶಾನ್ಯ ಮಾನ್ಸೂನು, ಗಾಳಿ ಬೆನ್ನಿಂದ ಬರತ್ತೆ, ಶ್ರೀಲಂಕಾದ ಕೆಳಗೆ ನೀರೂ ಪಶ್ಚಿಮಕ್ಕೇ ಹರಿಯತ್ತೆ. ಕಛ್‌ನೋರು, ಅರಬ್ಬರು ನೂರಾರು ವರ್ಷ ಇದೇ ಗಾಳಿ ಹಿಡ್ಕೊಂಡು ಆಫ್ರಿಕಾಗೆ ಹಾಯಿ ಹಡಗಲ್ಲಿ ಹೋಗ್ತಿದ್ದಿದ್ದು, ಮೊಂಬಾಸಾ ಕಡೆ ಸ್ವಾಹಿಲೀಲಿ ಇದಕ್ಕೆ ಕಸ್ಕಾಜಿ ಅಂತಾರೆ. ಜೂನ್‌ನಿಂದ ಸೆಪ್ಟೆಂಬರ್ ಅದೇ ದಾರಿ ಎದುರು ಗಾಳಿ, ಎದುರು ಅಲೆ, ನಮ್ಮ ಹೊಲಕ್ಕೆ ಮಳೆ ತರೋ ಅದೇ ಮುಂಗಾರು ಅಲ್ಲಿ ಟಗ್ಗನ್ನ ಡಬ್ಬಿ ಥರ ಅಲ್ಲಾಡಿಸತ್ತೆ. ನಡುವಿನ ತಿಂಗಳು ಶಾಂತವಾಗಿರತ್ತೆ ಅಂತ ಏಪ್ರಿಲ್-ಮೇ ಅಥವಾ ಅಕ್ಟೋಬರ್-ನವೆಂಬರ್ ಆರಿಸ್ಕೊಂಡೋರು ಇದಾರೆ, ಆದ್ರೆ ಅವೇ ಬಂಗಾಳ ಕೊಲ್ಲಿ, ಅರಬ್ಬಿ ಸಮುದ್ರದ ಸೈಕ್ಲೋನ್ ತಿಂಗಳು. ಇನ್ನೊಂದು, ಆ ಟೈಮಲ್ಲೇ ಇಕ್ವೇಟರ್ ಉದ್ದಕ್ಕೂ ನೀರು ಪೂರ್ವಕ್ಕೆ ಜೋರಾಗಿ ಹರಿಯತ್ತೆ. ಕ್ಲಾಸ್ ವಿರ್ಟ್ಕಿ ಅನ್ನೋ ಸಮುದ್ರ ವಿಜ್ಞಾನಿ 1973ರಲ್ಲಿ ಇದನ್ನ ವಿವರಿಸಿದ್ರು, ಈಗ್ಲೂ ವಿರ್ಟ್ಕಿ ಜೆಟ್ ಅಂತಾನೇ ಕರೀತಾರೆ. 9 ನಾಟ್‌ನಲ್ಲಿ ಹೋಗೋ ಟಗ್ಗಿಗೆ ಎದುರಿಂದ ಒಂದೂವರೆ ನಾಟ್ ನೀರು ಬಂದ್ರೆ ಆರ್ರಲ್ಲಿ ಒಂದು ಪಾಲು ಡೀಸೆಲ್ ಸುಮ್ನೆ ಸಮುದ್ರಕ್ಕೆ ಸುರಿದಂಗೆ.

ಹಡಗಿಗೆ ಹತ್ತಿದ ಮೇಲೆ ಕಮ್ಮಿ ಅಂದ್ರೂ ಒಂದು ವಾರ ಕೇಳಿ ತಗೊಳ್ಳಿ. ಕೊಡಲ್ಲ ಅಂತಾರೆ, ಜಗಳ ಆಡಿ. ನನ್ನ ಕೇಳಿದ್ರೆ ಹಗ್ಗ ಬಿಚ್ಚೋಕ್ ಮುಂಚಿನ ಆ ವಾರಾನೇ ಡೆಲಿವರಿ, ಆಮೇಲಿಂದು ಬರೀ ಡ್ರೈವಿಂಗು.

ಯಾಕೆ ಈ ಮಾತು ಅಂದ್ರೆ, ನಾನು ಚೀಫ್ ಆಫೀಸರ್ ಆಗಿದ್ದಾಗ ಒಂದು ಟಗ್ ತಂದ್ವಿ, ಏಳು ತಿಂಗಳು ನದಿ ಬಾಯಲ್ಲಿ ಸುಮ್ನೆ ಕಟ್ಟಿ ಹಾಕಿದ್ದು. ಬಿಸಿ ನೀರಲ್ಲಿ ನಿಂತ ಹಡಗಿನ ತಳ ಹೆಂಗಿರತ್ತೆ ಅಂದ್ರೆ ಕೆರೆ ಪಾಚಿ ಮೇಲೆ ಕಪ್ಪೆಚಿಪ್ಪು ಬೆಳೆದಂಗೆ. ಮಾರಿದೋರ ರಿಪೋರ್ಟಲ್ಲಿ ತಳ ಕ್ಲೀನ್ ಮಾಡಿಸಿದೀವಿ ಅಂತಿತ್ತು, ನಾವು ನಂಬಿದ್ವಿ. ಎರಡನೇ ರಾತ್ರಿ, ಪೋರ್ಟ್ ಕ್ಲಾಂಗ್ ದಾಟಿ ಒನ್ ಫ್ಯಾದಮ್ ಬ್ಯಾಂಕ್ ಹತ್ರ, ಎರಡೂ ಮುಕ್ಕಾಲು ಇರ್ಬೇಕು, ಬಲಗಡೆ ಇಂಜಿನ್ ಹೈ ಟೆಂಪರೇಚರ್ ಅಲಾರ್ಮು. ಹಿಂದೆ ದೊಡ್ಡ ಕಂಟೇನರ್ ಹಡಗು, ಅದರ ದೀಪ ನೋಡ್ತಾ ನೋಡ್ತಾ ದೊಡ್ಡದಾಗ್ತಿದೆ. ಒಂದು ಇಂಜಿನ್ ನಿಲ್ಲಿಸಿ, ವಿಟಿಎಸ್‌ಗೆ, ಅಂದ್ರೆ ದಡದಲ್ಲಿ ಕೂತು ಹಡಗುಗಳ ಟ್ರಾಫಿಕ್ ನೋಡ್ಕೊಳ್ಳೋರಿಗೆ ರೇಡಿಯೋಲಿ ಹೇಳಿ, ಇನ್ನೊಂದರ ಮೇಲೆ ತೆವಳ್ಕೊಂಡು ಲೇನ್ ಅಂಚಿಗೆ ಬಂದ್ವಿ. ಚೀಫ್ ಇಂಜಿನಿಯರ್ ಸಮುದ್ರದ ನೀರು ಒಳಗೆ ಬರೋ ಕಡೆ ಇರೋ ಸ್ಟ್ರೈನರ್ ಬಿಚ್ಚಿದ್ರು. ಒಂದೂವರೆ ಬಕೆಟ್ ಚಿಪ್ಪು, ನಡುವೆ ಒಂದು ಹರಿದ ಪ್ಲಾಸ್ಟಿಕ್ ಗೋಣಿ. ಇಂಜಿನ್ ರೂಮಲ್ಲಿ ಮೀನು ಮಾರ್ಕೆಟ್ ವಾಸನೆ. ಚೀಫ್ ಆ ಚಿಪ್ಪನ್ನ ಒಂದು ಮುಷ್ಟಿ ಎತ್ಕೊಂಡು ಬ್ರಿಡ್ಜಿಗೆ ಬಂದು ಚಾರ್ಟ್ ಟೇಬಲ್ ಮೇಲೆ ಇಟ್ಟು, ಒಂದು ಮಾತೂ ಆಡದೇ ಕೆಳಗೆ ಹೋದ್ರು.

ಅವತ್ತಿಂದ ನನ್ನ ರೂಲ್ ಇದು: ಡೈವರ್ ಇಳಿಸಿ, ತಳ, ಪ್ರೊಪೆಲ್ಲರ್, ಸೀ ಚೆಸ್ಟ್ (ತಳದಲ್ಲಿ ಸಮುದ್ರದ ನೀರು ಒಳಗೆ ಎಳ್ಕೊಳ್ಳೋ ಬಾಯಿ) ಜಾಲರಿ ವಿಡಿಯೋ ತೆಗೆಸಿ ಕ್ಲೀನ್ ಮಾಡಿಸೋದು, ಆಮೇಲೆ ಬಂದರಿನ ಹತ್ರಾನೇ ಕಮ್ಮಿ ಅಂದ್ರೂ ಐದಾರು ಗಂಟೆ ಫುಲ್ ಲೋಡ್ ಟ್ರಯಲ್. ಆಕಡೆ ಈಕಡೆ ಜೋರಾಗಿ ತಿರುಗಿಸಿ, ಹಿಂದಕ್ಕೆ ಮುಂದಕ್ಕೆ ಓಡಿಸಿ. ಉದುರೋದೆಲ್ಲ ಅಲ್ಲೇ ಉದುರ್ಲಿ, ಬಿಸಿ ಆಗೋದೆಲ್ಲ ಅಲ್ಲೇ ಬಿಸಿ ಆಗ್ಲಿ, ಅಲ್ಲಿ ಮೆಕ್ಯಾನಿಕ್ ಸಿಗ್ತಾನೆ.

ಡೀಸೆಲ್ ಟ್ಯಾಂಕ್ ಒಳಗೆ ಇನ್ನೊಂದು ರಾಕ್ಷಸ. ಉಷ್ಣವಲಯದ ಸೆಕೆಗೆ ಟ್ಯಾಂಕ್ ತಳದಲ್ಲಿ ನೀರು ನಿಂತ್ರೆ, ನೀರಿಗೂ ಡೀಸೆಲ್‌ಗೂ ನಡುವೆ ಬ್ಯಾಕ್ಟೀರಿಯಾ, ಫಂಗಸ್ಸು ಬೆಳೆದು ಕಪ್ಪು ಲೋಳೆ ಆಗತ್ತೆ. ಜೆಟ್ಟೀಲಿ ನಿಂತಿದ್ದಾಗ ಏನೂ ಗೊತ್ತಾಗಲ್ಲ, ಹೊರಗೆ ಹಡಗು ಹೊಯ್ದಾಡೋಕೆ ಶುರು ಆದಾಗ ಎಲ್ಲ ಕಲಕಿ ಎದ್ದು ಫಿಲ್ಟರ್‌ಗೆ ಬರತ್ತೆ. ಟ್ಯಾಂಕ್ ಅಳೆಯೋ ಸೌಂಡಿಂಗ್ ಟೇಪ್ ತುದೀಗೆ ನೀರು ಹಿಡಿಯೋ ಪೇಸ್ಟ್ ಸವರಿ ಇಳಿಸಿ, ಎಲ್ಲೀವರ್ಗೂ ನೀರಿದೆಯೋ ಅಲ್ಲೀವರ್ಗೂ ಬಣ್ಣ ಬದಲಾಗತ್ತೆ, ಎರಡು ಬೆರಳು ಕಂಡ್ರೂ ಡ್ರೈನ್ ಮಾಡ್ಸಿ, ಸಾಧ್ಯ ಆದ್ರೆ ಟ್ಯಾಂಕ್ ತೆಗ್ಸಿ ತೊಳಸಿ. ಫಿಲ್ಟರ್ ಬೇಕಾಗೋದಕ್ಕಿಂತ ಮೂರು ಪಟ್ಟು ತಗೊಳ್ಳಿ. ಆಫೀಸಿನ ಸೂಪರಿಂಟೆಂಡೆಂಟ್ ಮುಖ ಗಂಟಿಕ್ಕಿದ್ರೆ ಗಂಟಿಕ್ಲಿ, ಅವ್ರು ಬರಲ್ಲ ನಿಮ್ಮ ಜೊತೆ.

ಡೆಕ್ ಮೇಲೆ ನೋಡೋದು: ಹಾರ್ಬರ್ ಟಗ್ಗಿನ ಹಿಂದಿನ ಡೆಕ್ಕು ನೀರಿಗೆ ತೀರಾ ಹತ್ರ, ಬೆನ್ನಿಂದ ಬರೋ ಅಲೆ ನೇರ ಮೇಲೆ ಹತ್ತತ್ತೆ. ಹತ್ತಿದ ನೀರು ವಾಪಸ್ ಹೋಗೋ ಕಿಂಡಿಗಳು ತುಕ್ಕು ಹಿಡಿದು ಅಂಟ್ಕೊಂಡಿರತ್ತೆ, ಬಿಡಿಸಿ. ಬಾಗಿಲ ರಬ್ಬರಿಗೆ ಸೀಮೆಸುಣ್ಣ ಹಚ್ಚಿ ಮುಚ್ಚಿ ತೆಗೀರಿ, ಗುರುತು ಪೂರ್ತಿ ಸುತ್ತ ಬಿದ್ದಿಲ್ಲ ಅಂದ್ರೆ ಅಲ್ಲಿಂದ ನೀರು ಬರತ್ತೆ. ಟೋಯಿಂಗ್ ಹಗ್ಗ ಎಲ್ಲ ಒಳಗೆ, ಒಂದು ತುಂಡು ಹಗ್ಗ ಕೊಚ್ಕೊಂಡು ಹೋಗಿ ಪ್ರೊಪೆಲ್ಲರ್‌ಗೆ ಸುತ್ಕೊಂಡ್ರೆ ಕಥೆ ಮುಗೀತು. ಪಕ್ಕಕ್ಕೆ ನೇತಾಕಿರೋ ಟೈರುಗಳನ್ನ ಬಿಚ್ಚಿಡಿ, ಇಲ್ಲ ಎರಡನೇ ಚೈನ್ ಹಾಕಿ.

ಡೀಸೆಲ್ ಲೆಕ್ಕ ಬಾಯಲ್ಲೇ ಹಾಕ್ಬೋದು. ನಾನು ಹೇಳ್ತಿರೋ ಟಗ್ಗು 9 ನಾಟ್‌ನಲ್ಲಿ ದಿನಕ್ಕೆ 6 ಟನ್ ಕುಡಿಯತ್ತೆ, ದಿನಕ್ಕೆ 216 ಮೈಲಿ. 2500 ಮೈಲಿಗೆ ಹನ್ನೊಂದೂವರೆ ದಿನ ಚಿಲ್ಲರೆ, 70 ಟನ್ನು. ಅದರ ಮೇಲೆ ಕಾಲು ಭಾಗ ರಿಸರ್ವ್ ಸೇರಿಸಿದ್ರೆ 87, 88 ಟನ್. ಸ್ವಲ್ಪ ಬೇಗ ಹೋಗೋಣ, 10.5 ನಾಟ್ ಮಾಡೋಣ ಅಂತ ಓನರ್ ಮೆಸೇಜ್ ಹಾಕ್ತಾರೆ. ಸ್ಪೀಡ್ ಜಾಸ್ತಿ ಆದಂಗೆ ಖರ್ಚು ಅದರ ಘನದ ಲೆಕ್ಕದಲ್ಲಿ ಏರತ್ತೆ, ದಿನಕ್ಕೆ 6 ಇದ್ದದ್ದು ಒಂಬತ್ತೂವರೆ ಟನ್ ಆಗತ್ತೆ, ಒಟ್ಟು 94. ಎರಡು ದಿನಾನೂ ಪೂರ್ತಿ ಉಳಿಯಲ್ಲ, 24 ಟನ್ ಜಾಸ್ತಿ ಸುಡ್ತೀರಿ, ರಿಸರ್ವ್ ಮಾಯ. ಈ ಲೆಕ್ಕಾನ ಹಂಗೇ ಟೈಪ್ ಮಾಡಿ ಕಳಿಸಿ, ಆಮೇಲೆ ಯಾರೂ ಸ್ಪೀಡ್ ಬಗ್ಗೆ ಮಾತಾಡಲ್ಲ.

ಬಂಕರ್ ಅಂದ್ರೆ ಹಡಗಿಗೆ ತುಂಬ್ಸೋ ಡೀಸೆಲ್ ತಗೊಳ್ಳೋವಾಗ ನೀವೇ ಟ್ಯಾಂಕ್ ಅಳೀರಿ, ಮುಂಚೆ ಒಂದ್ಸಲ ಆಮೇಲೆ ಒಂದ್ಸಲ, ಅದನ್ನ ತಂದು ಕೊಡೋ ಬಾರ್ಜಿನ ಟ್ಯಾಂಕೂ ಅಳೀರಿ. ಗಾಳಿ ಊದಿ ನೊರೆ ಬರಿಸಿ ಕೊಡೋ ಕಳ್ಳಾಟಕ್ಕೆ ಕ್ಯಾಪಚಿನೋ ಬಂಕರ್ ಅಂತಾನೇ ಹೆಸರು, ಹಾಲಿಗೆ ನೀರು ಹಾಕೋದು ಗೊತ್ತು ನಮಗೆ, ಇವ್ರು ಗಾಳಿ ಹಾಕ್ತಾರೆ. ಟೇಪಲ್ಲಿ ಗುಳ್ಳೆ ಕಂಡ್ರೆ ಸಹಿ ಹಾಕ್ಬೇಡಿ, ಕೆಲವು ಗಂಟೆ ಬಿಟ್ಟು ಮತ್ತೆ ಅಳೀರಿ, ಕಮ್ಮಿ ಬಂದ್ರೆ ಪ್ರೊಟೆಸ್ಟ್ ಲೆಟರ್ ಕೊಡಿ. ಟ್ಯಾಂಕ್ ಸಾಲಲ್ಲ ಅಂತ ಡೆಕ್ ಮೇಲೆ ಪ್ಲಾಸ್ಟಿಕ್ ಟ್ಯಾಂಕಲ್ಲಿ ಡೀಸೆಲ್ ಇಟ್ಕೊಂಡು ಹೋಗಿ ಅಂತ ಸಲಹೆ ಬರತ್ತೆ, ಕ್ಲಾಸ್‌ನೋರು ಸ್ಟೆಬಿಲಿಟಿ ನೋಡಿ ಒಪ್ಪದೇ ಹೋದ್ರೆ ಖಂಡಿತಾ ಬೇಡ, ತೂಕ ಮೇಲೆ ಹೋದಷ್ಟೂ ಟಗ್ಗು ಎದ್ದು ನಿಲ್ಲೋದು ಮರೀತದೆ. ಒಳಗಿನ ಟ್ಯಾಂಕೂ ಅಷ್ಟೇ, ಒಂದು ಜೋಡಿ ಖಾಲಿ ಮಾಡಿ ಆಮೇಲೆ ಇನ್ನೊಂದು ಜೋಡಿಗೆ ಕೈ ಹಾಕಿ. ಎಲ್ಲಾ ಟ್ಯಾಂಕಲ್ಲೂ ಅರ್ಧ ಅರ್ಧ ಇದ್ರೆ ಎಲ್ಲದ್ರಲ್ಲೂ ಎಣ್ಣೆ ಆಕಡೆ ಈಕಡೆ ತುಳುಕಿ ಹಡಗನ್ನ ತಾನೇ ಮಲಗಿಸತ್ತೆ.

ಕುಡಿಯೋ ನೀರಿನ ವಿಷ್ಯದಲ್ಲಿ ನಮ್ಮ ಕೋಲಾರದೋರಿಗೆ ಯಾರೂ ಪಾಠ ಹೇಳೋದು ಬೇಡ. ಸಾವಿರದೈನೂರು ಅಡಿ ಬೋರ್‌ವೆಲ್ ಕೊರೆಸಿ ಧೂಳು ನೋಡಿರೋ ಜನ ನಾವು, ನಮ್ಮಮ್ಮ ತರಕಾರಿ ತೊಳೆದ ನೀರನ್ನ ಕರಿಬೇವಿನ ಗಿಡಕ್ಕೆ ಹಾಕದೇ ಚೆಲ್ಲಿದ್ದು ನಾನು ನೋಡೇ ಇಲ್ಲ. ಒಂಬತ್ತು ಜನ, ತಲೆಗೆ 60 ಲೀಟರ್, ದಿನಕ್ಕೆ 540. 20 ಟನ್ ಟ್ಯಾಂಕ್ ಇದ್ರೆ ತಿಂಗಳ ಮೇಲೆ ಬರತ್ತೆ, ಕಾಗದದ ಮೇಲೆ. ಟ್ಯಾಂಕಲ್ಲಿ ತುಕ್ಕು ಇದ್ರೆ, ವಾಲ್ವ್ ಸೋರ್ತಿದ್ರೆ, ಯಾರೋ ಒಬ್ಬ ಬೊಂಬಾಯಿ ಹುಡುಗ ದಿನಕ್ಕೆ ಮೂರು ಸಲ ಸ್ನಾನ ಮಾಡಿದ್ರೆ ಬರಲ್ಲ. ದಿನಾ ಬೆಳಗ್ಗೆ ಅಳೆದು ಮೆಸ್ ರೂಮಿನ ಬೋರ್ಡ್ ಮೇಲೆ ಬರೀರಿ, ಬೈಯೋದಕ್ಕಿಂತ ಆ ನಂಬರ್ ಚೆನ್ನಾಗಿ ಕೆಲಸ ಮಾಡತ್ತೆ. ಕುಡಿಯೋಕೆ ಬಾಟಲ್ ನೀರು ಬೇರೆ ಇಡಿ, ಅದು ಲೈಫ್ ರಾಫ್ಟ್ ಹತ್ರಾನೂ ಸ್ವಲ್ಪ ಇರ್ಲಿ.

ಊಟ: ಒಳ್ಳೇ ಕುಕ್ ಸಿಕ್ರೆ ಅರ್ಧ ಜಗಳ ಇರಲ್ಲ. ಈರುಳ್ಳಿ, ಆಲೂಗಡ್ಡೆ, ಕುಂಬಳಕಾಯಿ, ಕೋಸು ಬಾಳಿಕೆ ಬರತ್ತೆ, ನಮ್ಮೂರ ಹೆಮ್ಮೆಯ ಟೊಮೊಟೊ ಎಲ್ಲಕ್ಕಿಂತ ಮೊದಲು ಕೊಳೆಯೋದು, ಕಾಯೇ ತಗೊಂಡು ಒಂದೊಂದನ್ನೇ ಪೇಪರಲ್ಲಿ ಸುತ್ತಿಡಿ. ರಟ್ಟಿನ ಡಬ್ಬ ಅಡುಗೆಮನೆ ಒಳಗೆ ತರ್ಲೇಬೇಡಿ, ಜಿರಳೆ ಮೊಟ್ಟೆ ಅದರಲ್ಲೇ ಬರೋದು, ಜೆಟ್ಟಿ ಮೇಲೇ ಬಿಚ್ಚಿ ಬಿಸಾಕಿ. ನಾನು ಐದು ಕೆಜಿ ರಾಗಿ ಹಿಟ್ಟು ತಗೊಂಡು ಹೋಗ್ತೀನಿ. ಮುದ್ದೆ ಯಾರೂ ತಿನ್ನಲ್ಲ, ಮೊದಲ ವಾರ ನಗ್ತಾರೆ, ಹಡಗು ಹೊಯ್ದಾಡಿ ಹೊಟ್ಟೇಲಿ ಏನೂ ನಿಲ್ಲದೇ ಇದ್ದಾಗ ರಾಗಿ ಗಂಜಿ ಕೇಳ್ಕೊಂಡು ಬರ್ತಾರೆ.

ಸೆಕೆ ಬಗ್ಗೆ ನಮ್ಮಪ್ಪನ ಮಾತು ಹೇಳ್ಬೇಕು. ಅಪ್ಪ ಬಂಗಾರಪೇಟೆಯಿಂದ ಮಾರಿಕುಪ್ಪಂ ರೈಲು ಹತ್ತಿ ಕೆಜಿಎಫ್ ಗಣಿಗೆ ಹೋಗ್ತಿದ್ದೋರು, 2001ರ ಫೆಬ್ರವರಿ ಕೊನೇಲಿ ಗಣಿ ಮುಚ್ಚಿದ್ರು, ನಾನು ಸಮುದ್ರಕ್ಕೆ ಬಂದಿದ್ದೂ ಅದಕ್ಕೇ. ಅಲ್ಲಿನ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರ್‌ಗಿಂತ ಆಳ, ಕೆಳಗೆ ಬಂಡೇನೇ ಸುಡ್ತಿರತ್ತೆ. ಅವ್ರು ಹೇಳ್ತಿದ್ದಿದ್ದು, "ಬಾಯಾರಿಕೆ ಆದ್ಮೇಲೆ ಕುಡಿಯೋನು ಆಗ್ಲೇ ಬಿದ್ದೋನು". ಟಗ್ಗಿನ ಇಂಜಿನ್ ರೂಮೂ ಅದೇ ಕಥೆ, ಹೊರಗೆ ಸಮುದ್ರದ ನೀರೇ 29, 30 ಡಿಗ್ರಿ, ಒಳಗೆ 45 ದಾಟತ್ತೆ. ಅರ್ಧ ಗಂಟೆಗಿಂತ ಜಾಸ್ತಿ ಒಬ್ಬನನ್ನ ಒಳಗೆ ಬಿಡ್ಬೇಡಿ, ಓಆರ್‌ಎಸ್ ಪ್ಯಾಕೆಟ್ ಮೆಸ್ ಟೇಬಲ್ ಮೇಲೇ ಇರ್ಲಿ. ಬೆವರೋದು ನಿಂತು ಮಾತು ತಡವರಿಸಿದ್ರೆ ಅದು ಸುಸ್ತಲ್ಲ, ತಕ್ಷಣ ನೆರಳಿಗೆ ಎಳೆದು ಮೈಯೆಲ್ಲ ನೀರು ಸುರಿದು ಗಾಳಿ ಬೀಸಿ, ರೇಡಿಯೋಲಿ ಡಾಕ್ಟರ್ ಸಲಹೆ ಕೇಳಿ. ಡೆಕ್ ಕೆಲಸ ಬೆಳಗ್ಗೆ ಆರಕ್ಕೆ ಶುರು ಮಾಡಿ ಹತ್ತಕ್ಕೆ ಮುಗಿಸಿ. ನಿದ್ದೆ ವಿಷ್ಯಾನೂ ರೂಲೇ ಇದೆ, 24 ಗಂಟೇಲಿ 10 ಗಂಟೆ, ವಾರಕ್ಕೆ 77 ಗಂಟೆ ರೆಸ್ಟು. ಜನ ಕಮ್ಮಿ ಅಂತ ಬರೀ ಕಾಗದದಲ್ಲಿ ತುಂಬಿಸ್ತಾರೆ, ಅಂಥ ಹಡಗಲ್ಲಿ ಐದನೇ ದಿನ ಬ್ರಿಡ್ಜಲ್ಲಿ ನಿಂತ್ಕೊಂಡೇ ನಿದ್ದೆ ಹೋಗಿರೋನ್ನ ನೋಡಿದೀನಿ.

ಹೊರಡೋ ದಿನ ನಿಂಬೆಹಣ್ಣು ತೆಂಗಿನಕಾಯಿ ಎಲ್ಲ ಆಗತ್ತೆ, ಅದು ನಿಮ್ಮಿಷ್ಟ. ಸಿಂಗಾಪುರ, ಮಲಾಕ್ಕಾ ಜಲಸಂಧಿ ಅಂದ್ರೆ ನಮ್ಮ ಹೊಸಕೋಟೆ ಟೋಲ್ ಹತ್ರ ಭಾನುವಾರ ಸಂಜೆ ಇದ್ದಂಗೆ, ಲೇನ್ ಇದೆ, ಲೇನ್ ಬಿಡ್ಬೇಡಿ. ಹಡಗಿನ ಗ್ರಾಸ್ ಟನ್ನೇಜ್ 300 ಅಥವಾ ಅದಕ್ಕಿಂತ ಜಾಸ್ತಿ ಇದ್ರೆ ರಿಪೋರ್ಟಿಂಗ್ ಕಡ್ಡಾಯ, ವಿಟಿಎಸ್ ಕೇಳಿದಾಗ ಗೊಣಗದೇ ಉತ್ತರ ಕೊಡಿ. ರಾತ್ರಿ ಸಣ್ಣ ದೋಣೀಲಿ ಬಂದು ಬಿಡಿಭಾಗ ಕದಿಯೋ ಕಳ್ಳರು ಇದಾರೆ ಅಲ್ಲಿ, ಹಿಂದಿನ ಡೆಕ್ಕಿಗೆ ದೀಪ, ಇಂಜಿನ್ ರೂಮ್ ಬಾಗಿಲಿಗೆ ಒಳಗಿಂದ ಚಿಲಕ. ಮಳೆ ಆದ್ಮೇಲೆ ನದಿಗಳಿಂದ ಮರದ ದಿಮ್ಮಿ ತೇಲ್ಕೊಂಡು ಬರತ್ತೆ, ರಾಡಾರಲ್ಲಿ ಕಾಣಲ್ಲ, ಕಣ್ಣಲ್ಲೇ ನೋಡ್ಬೇಕು. ಏಪ್ರಿಲ್ ನಂತ್ರ ಹೋಗೋರಿಗೆ ಬೆಳಗಿನ ಜಾವ ಸುಮಾತ್ರಾ ಕಡೆಯಿಂದ ಬರೋ ಬಿರುಗಾಳಿ ಸಾಲು ಸಿಗತ್ತೆ, ಹೆಸರೇ ಸುಮಾತ್ರಾಸ್ ಅಂತ, ಒಂದೆರಡು ಗಂಟೆ ಬೊಬ್ಬೆ ಹಾಕಿ ಹೋಗತ್ತೆ.

ಸುಮಾತ್ರಾ ತುದಿ ದಾಟಿದ ಮೇಲೆ ಶ್ರೀಲಂಕಾವರ್ಗೂ ಬರೀ ನೀರು. ಅಲ್ಲಿನ ಗಾಲೆ ಬಂದರಿನ ಹತ್ರ ಬಂಕರ್, ನೀರು, ತರಕಾರಿ ತುಂಬ್ಸಿ. ಅಲ್ಲಿ ಮೀನುಗಾರರ ಬಲೆ ಜಾಸ್ತಿ, ದೀಪ ಇಲ್ಲದ ದೋಣಿಗಳೂ. ಫಿಲ್ಟರ್ ಎಷ್ಟು ಉಳಿದಿದೆ ಎಣಿಸಿ, ಮೊದಲ 1600 ಮೈಲಿಗೆ ಅರ್ಧ ಖರ್ಚಾಗಿದ್ರೆ ಅಲ್ಲೇ ನಿಂತು ಟ್ಯಾಂಕ್ ನೋಡ್ಬೇಕು, ಮುಂದಿನ ದಾರಿ ಇನ್ನೂ ಉದ್ದ.

ಆಮೇಲೆ ಮಾಲ್ಡೀವ್ಸ್ ದ್ವೀಪಗಳ ನಡುವೆ ಹಡಗು ದಾಟೋ ದಾರಿ, ಒನ್ ಅಂಡ್ ಹಾಫ್ ಡಿಗ್ರಿ ಚಾನೆಲ್. ನನ್ನ ಪ್ರಕಾರ ಇಡೀ ಟ್ರಿಪ್‌ನ ನಿರ್ಧಾರ ಇರೋದು ಇಲ್ಲಿ. ಮುಂದೆ ಮೊಂಬಾಸಾವರ್ಗೂ ಸುಮಾರು 2050 ಮೈಲಿ, ನೇರ ದಾರೀಲಿ ಒಂದು ಬಂದರಿಲ್ಲ. ಒಂಬತ್ತೂವರೆ ದಿನ, 57 ಟನ್, ಕಾಲು ಭಾಗ ರಿಸರ್ವ್ ಸೇರಿ 71. ಚಾನೆಲ್‌ಗೆ ಬರೋ ಹಿಂದಿನ ಸಂಜೆ ಎಲ್ಲ ಟ್ಯಾಂಕ್ ಕೈಯಿಂದ ಅಳೀರಿ, ಗೇಜ್ ನಂಬ್ಬೇಡಿ. 71 ಇದ್ರೆ ಹೋಗಿ. 65 ಇದ್ರೆ ಮಾಲೆಗೆ ತಿರುಗಿಸಿ, ಉತ್ತರಕ್ಕೆ ಒಂದು ದಿನದ ಒಳಗಿನ ದಾರಿ. "ಆಗೋಗತ್ತೆ ಬಿಡಿ ಸಾರ್" ಅನ್ನೋನು ಪ್ರತಿ ಹಡಗಲ್ಲೂ ಒಬ್ಬ ಇರ್ತಾನೆ, ಅವ್ನಿಗೆ ಟೀ ಕೊಟ್ಟು ಕೂರಿಸಿ.

ಚಾನೆಲ್ ದಾಟಿ ಮೂರನೇ ದಿನ ಭೂಮಧ್ಯ ರೇಖೆ. ಮೊದಲ ಸಲ ದಾಟೋರ ತಲೆ ಮೇಲೆ ಬಕೆಟ್ ನೀರು, ಮುಖಕ್ಕೆ ಹಿಟ್ಟು, ಎಲ್ಲ ತಮಾಷೆ ನಡೆಯತ್ತೆ, ಕುಡಿಯೋ ನೀರಲ್ಲ, ಸಮುದ್ರದ್ದು ಸುರೀರಿ. ಈ ಭಾಗದಲ್ಲಿ ಒಂದು ಸಮಾಧಾನ, ಇಕ್ವೇಟರ್‌ನಿಂದ ಐದು ಡಿಗ್ರಿ ಒಳಗೆ ಸೈಕ್ಲೋನ್ ಹುಟ್ಟೋದು ತೀರಾ ಅಪರೂಪ, ಭೂಮಿ ತಿರುಗೋದ್ರಿಂದ ಗಾಳಿಗೆ ಸಿಗೋ ತಿರುವು ಅಲ್ಲಿ ಸಾಕಾಗಲ್ಲ. ಹಂಗಂತ ಹವಾಮಾನ ಮೆಸೇಜ್ ಓದೋದು ಬಿಡ್ಬೇಡಿ, ಈ ಭಾಗದ ನ್ಯಾವಿಗೇಷನ್ ಎಚ್ಚರಿಕೆಗಳು ನ್ಯಾವ್‌ಏರಿಯಾ 8 ಅನ್ನೋ ವಲಯದ ಹೆಸರಲ್ಲಿ ಬರತ್ತೆ, ಅದನ್ನ ಕಳಿಸೋದು ಡೆಹ್ರಾಡೂನ್‌ನಿಂದ ನಮ್ಮೋರೇ.

ಕಡಲ್ಗಳ್ಳರ ಕಾಲ ಮುಗೀತು ಅಂತ ಕೆಲವರು ಹೇಳ್ತಾರೆ. 2023ರ ಡಿಸೆಂಬರ್‌ನಲ್ಲಿ ರುಯೆನ್ ಅನ್ನೋ ಹಡಗನ್ನ ಸೊಮಾಲಿ ಕಳ್ಳರು ಹಿಡ್ಕೊಂಡು ಹೋದ್ರು, 2024ರ ಮಾರ್ಚ್‌ನಲ್ಲಿ ನಮ್ಮ ನೇವಿ ಅದನ್ನ ಬಿಡಿಸಿ 17 ಜನ ಸಿಬ್ಬಂದೀನ ಕಾಪಾಡಿ 35 ಕಳ್ಳರನ್ನ ಹಿಡೀತು. ದೊಡ್ಡ ಹಡಗಿಗೇ ಹಂಗಾದ್ರೆ, ನಿಧಾನಕ್ಕೆ ಹೋಗೋ ನೀರಿಗೆ ಹತ್ರ ಇರೋ ಟಗ್ಗು ಹತ್ತೋಕೆ ಏಣಿನೂ ಬೇಡ. ಈ ಭಾಗದ ಹಡಗುಗಳ ಮೇಲೆ ಕಣ್ಣಿಟ್ಟು ಎಚ್ಚರಿಕೆ ಕೊಡೋ ಬ್ರಿಟಿಷ್ ಆಫೀಸು ಯುಕೆಎಂಟಿಓಗೆ ರಿಜಿಸ್ಟರ್ ಮಾಡಿ ದಿನಾ ಪೊಸಿಷನ್ ಕಳಿಸಿ, ಸೊಮಾಲಿಯಾ ತೀರದಿಂದ ಆದಷ್ಟು ದಕ್ಷಿಣಕ್ಕೆ ಇರಿ, ಇನ್ಶೂರೆನ್ಸ್‌ನೋರು ಗಾರ್ಡ್ ಬೇಕು ಅಂದ್ರೆ ಗಾಲೇಲೇ ಹತ್ತಿಸ್ಕೊಳ್ಳಿ. ಗಾರ್ಡ್‌ಗಳಿಗೂ ಹಾಸಿಗೆ, ನೀರು, ಲೈಫ್ ರಾಫ್ಟಲ್ಲಿ ಜಾಗ ಲೆಕ್ಕ ಹಾಕಿದೀರಾ ನೋಡಿ, ಎಲ್ರೂ ಇದನ್ನ ಮರೀತಾರೆ.

ನಡು ಸಮುದ್ರದಲ್ಲಿ ಒಂದು ಇಂಜಿನ್ ನಿಂತ್ರೆ ಗಾಬರಿ ಬೇಡ, ಇನ್ನೊಂದರ ಮೇಲೆ ಆರೇಳು ನಾಟ್ ಬರತ್ತೆ. ಆಫೀಸಿಗೆ ಬೇಗ ತಿಳಿಸಿ, ಮುಚ್ಚಿಡ್ಬೇಡಿ. ಜನರೇಟರ್ ಎರಡೂ ಕೈಕೊಟ್ರೆ ಮಾತ್ರ ನಿಜವಾದ ಕಷ್ಟ, ಅದಕ್ಕೆ ಜನರೇಟರ್ ಬಿಡಿಭಾಗಕ್ಕೆ ಮೇನ್ ಇಂಜಿನ್‌ಗಿಂತ ಜಾಸ್ತಿ ಮರ್ಯಾದೆ ಕೊಡಿ.

ಮೊಂಬಾಸಾ ಹತ್ರ ಬಂದಂಗೆ ತೀರದ ನೀರು ಉತ್ತರಕ್ಕೆ ತಳ್ಳತ್ತೆ, ಸ್ವಲ್ಪ ದಕ್ಷಿಣಕ್ಕೇ ಗುರಿ ಇಟ್ಕೊಂಡು ಬನ್ನಿ. ಹಳದಿ ಬಾವುಟ ಏರಿಸಿ, ಹಿಂದಿನ ಬಂದರಿನ ಕ್ಲಿಯರೆನ್ಸು, ಕ್ರೂ ಲಿಸ್ಟು, ಹೆಲ್ತ್ ಡಿಕ್ಲರೇಷನ್, ಹಿಂದಿನ 10 ಬಂದರುಗಳ ಪಟ್ಟಿ, ಆರು ತಿಂಗಳಿಗೊಮ್ಮೆ ಹೊಸದಾಗೋ ಸ್ಯಾನಿಟೇಷನ್ ಸರ್ಟಿಫಿಕೇಟು ರೆಡಿ ಇಡಿ.

ಇಲ್ಲಿಗೆ ಮುಗೀತು ಅನ್ಕೋಬೇಡಿ. ಒಂದ್ಸಲ ನಮ್ಮನ್ನ ಮುಟ್ಟಿದ ಮೇಲೆ 19 ದಿನ ಆಂಕರೇಜಲ್ಲಿ ನಿಲ್ಲಿಸಿದ್ರು, ಕೊಂಡೋರು ಡ್ಯೂಟಿ ಕಟ್ಟಿರ್ಲಿಲ್ಲ, ದಡ ಕಾಣತ್ತೆ, ಇಳಿಯಂಗಿಲ್ಲ, ತರಕಾರಿ ಮುಗಿದು ಬೇಳೆ ಸಾರು ಅನ್ನ. ತಡ ಆದ್ರೆ ದಿನಕ್ಕಿಷ್ಟು ಅಂತ ಅಗ್ರಿಮೆಂಟಲ್ಲಿ ಬರೆಸಿ ಅಂದಿದ್ದು ಇದಕ್ಕೇ. ಅವತ್ತು ಬರೆಸಿದ್ದೋರಿಗೆ ದುಡ್ಡು ಬಂತು, ನಾನು ಬರೆಸಿರ್ಲಿಲ್ಲ.

ಕೈ ಬದಲಾಗೋದು ಇಲ್ಲಿ ಅಂದ್ರೆ ಆ ದಿನ ಎರಡೂ ಕಡೆಯೋರ ಮುಂದೆ ಟ್ಯಾಂಕ್ ಅಳೀರಿ, ಉಳಿದ ಡೀಸೆಲ್ಲು, ಇನ್ನೂ ಓಪನ್ ಮಾಡದೇ ಇರೋ ಲೂಬ್ ಆಯಿಲ್ ಡ್ರಮ್ಮಿಗೆ ಕೊಂಡೋರು ದುಡ್ಡು ಕೊಡೋದು ವಾಡಿಕೆ, ಜಗಳ ಅಲ್ಲೇ ಹುಟ್ಟೋದು. ಎಲ್ಲಾ ರೂಮು, ಸ್ಟೋರು, ಇಂಜಿನ್ ಮೀಟರ್ ಫೋಟೋ ತೆಗೀರಿ. ಹಡಗು ಕೈ ಬದಲಾಯ್ತು ಅಂತ ಸಹಿ ಹಾಕೋ ಪ್ರೊಟೋಕಾಲ್ ಪೇಪರ್ ಮೇಲೆ ಗಂಟೆ ನಿಮಿಷ ಬರೀರಿ, ಲೋಕಲ್ ಟೈಮೂ ಜಿಎಂಟಿನೂ. ಆ ನಿಮಿಷದವರ್ಗೂ ಹಡಗಿನ ಜವಾಬ್ದಾರಿ ಒಬ್ಬರದ್ದು, ಆಮೇಲೆ ಇನ್ನೊಬ್ಬರದ್ದು. ಇಲ್ಲಿ ಹಳೇ ಬಾವುಟ ಇಳೀತಿದ್ರೆ ಇಪಿಐಆರ್‌ಬಿ ಕೋಡ್ ಬದ್ಲಾಯಿಸೋಕೆ ಹೊಸಬರಿಗೆ ಬರವಣಿಗೇಲಿ ಹೇಳಿ.

ನಿಮ್ಮ ಹಡಗಿನ ಸರ್ವಿಸ್ ಬರೆಯೋ ಸಿಡಿಸಿ ಬುಕ್ಕಲ್ಲಿ ಸೈನ್ ಆಫ್ ಎಂಟ್ರಿ, ಸೀಲು, ಸಂಬಳದ ಕೊನೇ ಹಾಳೆ ಕೈಗೆ ಸಿಗದೇ ಗ್ಯಾಂಗ್‌ವೇ ಇಳೀಬೇಡಿ. ಆ ಯೆಲ್ಲೋ ಫೀವರ್ ಕಾರ್ಡು ದೊಡ್ಡ ಸೂಟ್‌ಕೇಸಲ್ಲಿ ಹಾಕ್ಬೇಡಿ, ದೇವನಹಳ್ಳೀಲಿ ಇಳಿದ ತಕ್ಷಣ ಲಗೇಜ್ ಬರೋಕ್ ಮುಂಚೇನೇ ಕೇಳ್ತಾರೆ, ಇಲ್ಲ ಅಂದ್ರೆ ಆರು ದಿನದವರ್ಗೂ ಕ್ವಾರಂಟೈನಲ್ಲಿ ಇಡ್ಬೋದು. ಜೇಬಲ್ಲಿ, ಪಾಸ್‌ಪೋರ್ಟ್ ಒಳಗೆ ಇಟ್ಕೊಳ್ಳಿ.